ಎರಡು ಮೊಳ ಕಮ್ಮಿಯ ಸೀರೆ

ಅಂಗಡಿಯಲ್ಲಿ ಕೊಳ್ಳುವುದಕ್ಕೆ ಯಾವ ಮುಹೂರ್ತವೂ ಬೇಡ. ಕೊಂಡದ್ದನ್ನು ವಾಪಸ್ ಕೊಡಲು ಹೋಗಿ ನೋಡಿ, ಆಗ ಸಾಹುಕಾರನ ಪಂಚಾಂಗ ಬಿಚ್ಚಿಕೊಳ್ಳುತ್ತದೆ. ನಾನು ಅಜ್ಜಂಪುರದಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದಾಗ ಕಡೂರಿನ ಒಂದು ಜವಳಿ ಅಂಗಡಿಯಲ್ಲಿ ಆ ಪಂಚಾಂಗ ಪೂರ್ತಿ ಕೇಳಿ ಬಂದವನು.

ತರೀಕೆರೆಯಲ್ಲಿ ಸೋದರಮಾವನ ಮಗಳ ಮದುವೆ. ಕಳಶ ಹಿಡಿದು ಗಂಡಿನ ದಿಬ್ಬಣವನ್ನು ಎದುರುಗೊಳ್ಳುವುದು ಸೋದರತ್ತೆಯಾದ ನಮ್ಮವ್ವನ ಹಕ್ಕು. ಅವಳಿಗೋ ನಾಲ್ಕು ಜನರೆದುರು ಉಡುವಂಥ ಒಂದು ಸೀರೆ ಇರಲಿಲ್ಲ. ಕಡೂರಿಗೆ ಹೋಗಿ ಕೆಂಪು ಅಂಚಿನ ಹಸಿರು ಸೀರೆ ತಂದೆ. ಸಾಹುಕಾರ ನನ್ನೆದುರಿಗೇ ಮೊಳ ಹಾಕಿ ಹದಿನಾರು ಎಂದಿದ್ದ. ಮನೆಯಲ್ಲಿ ಅವ್ವ ಅಳೆದರೆ ಹದಿನಾಲ್ಕು. ಅವನು ಕುಳ್ಳ, ಅವ್ವ ಊರಿಗೇ ಎತ್ತರದ ಹೆಂಗಸು. ಇಬ್ಬರ ಮೊಳವೂ ಒಂದೇ ಎಂದು ನಂಬಿದ ಮೇಷ್ಟ್ರು ನಾನು. ನೆರಿಗೆ ಸರಿಮಾಡಿದರೆ ಸೆರಗು ತಲೆಗೆ ಬರದು, ಸೆರಗು ಹೊದ್ದರೆ ನೆರಿಗೆ ಸಾಲದೆ ಮೀನಖಂಡ ಕಾಣುತ್ತದೆ.

"ಇರ್ಲಿ ಬಿಡೋ, ಹೆಂಗೋ ಉಟ್ಕತೀನಿ" ಎಂದಳು. ನಾನು ಬಿಡಲಿಲ್ಲ.

ಬೆಳಗಿನ ರೈಲಿಗೇ ಹೋದೆ. "ಇನ್ನೂ ಬೋಣಿ ಆಗಿಲ್ಲ ಮೇಷ್ಟ್ರೇ. ಬಾಗ್ಲು ತೆಗೀತಿದ್ದಂಗೆ ವಾಪಸ್ ತಗಂಡ್ರೆ ದಿನ ಪೂರ್ತಿ ಕೆಡ್ತದೆ, ಕೂತ್ಕಳಿ" ಎಂದ ಸಾಹುಕಾರ. ಕೂತೆ. ಆ ದಿನ ಕಡೂರಿನ ಜನಕ್ಕೆ ಬಟ್ಟೆಯೇ ಬೇಡವಾಗಿತ್ತೇನೋ, ನನ್ನ ರೈಲಿನ ಹೊತ್ತಾದರೂ ಒಬ್ಬನೂ ಮೆಟ್ಟಿಲು ಹತ್ತಲಿಲ್ಲ.

ಇನ್ನೊಂದು ದಿನ ಶಾಲೆ ಬಿಟ್ಟ ಮೇಲೆ ಹೋದೆ. ಅಷ್ಟರಲ್ಲಿ ದೀಪ ಹಚ್ಚಿಬಿಟ್ಟಿದ್ದ. "ದೀಪ ಹಚ್ಚಿದ್ಮೇಲೆ ಲಕ್ಷ್ಮೀನ ಆಚೆ ಕಳ್ಸಕ್ಕಾಗ್ತದಾ?"

"ದುಡ್ಡು ಬೇಡ, ಬೇರೆ ಸೀರೆ ಕೊಡಿ."

"ಅದೂ ಲಕ್ಷ್ಮೀನೇ ಕಣ್ರೀ" ಎನ್ನುತ್ತಲೇ ಪಕ್ಕದವನಿಗೆ ಪಂಚೆ ಅಳೆದು ಕೊಟ್ಟ. ಪಂಚೆ ಲಕ್ಷ್ಮಿಯಲ್ಲವೇ ಎಂದು ಕೇಳಿದೆ. ಅದು ವ್ಯಾಪಾರ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮದುವೆಗೆ ಮೂರು ದಿನವಿದ್ದಾಗ ರಜಾ ಹಾಕಿ ನಡುಮಧ್ಯಾಹ್ನ ಹೋಗಿ ನಿಂತೆ. ಬೋಣಿ ಆಗಿತ್ತು, ದೀಪಕ್ಕೆ ಇನ್ನೂ ಹೊತ್ತಿತ್ತು, ಸಾಹುಕಾರನ ನೆಪಗಳೂ ಮುಗಿದಿದ್ದವು. ಗೊಣಗುತ್ತ ಉದ್ದದ ಇನ್ನೊಂದು ಸೀರೆ ತೆಗೆದಿಟ್ಟು ನನ್ನದರ ಮಡಿಕೆ ಬಿಚ್ಚಿದ. ಮೂಲೆಯಲ್ಲಿ ಅರಿಶಿನದ ಬೊಟ್ಟು.

"ಉಡೋಕ್ಮುಂಚೆ ಹಚ್ಚೋ ಅರಿಶ್ನ ಇದು. ಇನ್ಯಾವ ಹೆಣ್ಮಗಳಿಗೆ ಇದನ್ನ ಮಾರ್ಲಿ, ನೀವೇ ಹೇಳಿ."

ಮೂರು ಸಲದಲ್ಲಿ ಇದೊಂದು ಮಾತು ಅವನು ನ್ಯಾಯವಾಗಿ ಆಡಿದ್ದ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಮನೆಗೆ ಬಂದವನೇ ಅರಿಶಿನ ಯಾರು ಹಚ್ಚಿದ್ದೆಂದು ಕೂಗಾಡಿದೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ನಾನೇ ಕಣೋ, ನಿನ್ನೆ ಹಚ್ದೆ. ನೀ ತಂದ ಮೊದಲ್ನೇ ಸೀರೆ. ತಿರುಗಿ ಕೊಡಕ್ಕೆ ಮನ್ಸು ಬರ್ಲಿಲ್ಲ."

"ಮೊದ್ಲೇ ಹೇಳಕ್ಕೇನಾಗಿತ್ತವ್ವ?"

"ಹೇಳಿದ್ರೆ ನೀ ಕೇಳ್ತಿದ್ದಾ?"

ಮದುವೆಗೆ ಅದನ್ನೇ ಉಟ್ಟು ಬಂದಳು. ದಿಬ್ಬಣ ಬಂದಾಗ ಮಂಡಿನೋವೆಂದು ಹೇಳಿ ಕಳಶವನ್ನು ತನ್ನ ತಂಗಿಯ ಕೈಗೆ ಕೊಟ್ಟಳು. ಅವಳಿಗೆ ಯಾವ ಮಂಡಿನೋವೂ ಇರಲಿಲ್ಲ. ಸಂಜೆಯವರೆಗೆ ಚಪ್ಪರದ ಮೂಲೆಯಲ್ಲಿ ಕಾಲು ಮಡಚಿ, ಪಾದ ಮುಚ್ಚಿಕೊಂಡು, ನೀರಿಗೂ ಏಳದೆ ಕೂತಿದ್ದಳು. ಮಾತಾಡಿಸಲು ಬಂದವರ ಕೈಗೆಲ್ಲ ಸೆರಗು ಕೊಟ್ಟು, "ಮುಟ್ಟಿ ನೋಡಿ, ನನ್ ಮಗ ತಂದಿದ್ದು" ಎನ್ನುತ್ತಿದ್ದಳು.