ನೇತ್ರಾವತಿಗೆ ತೆಂಗಿನೆಣ್ಣೆ

ಕೇಳಿ ಮಾರಾಯ್ರೇ, ಇವತ್ತು ಗುರುವಾಯನಕೆರೆಯ ನಮ್ಮ ಶಾಲೆಯ ಗೋಡೆಯ ಮೇಲೆ ನೇತ್ರಾವತಿ ಹರಿಯಿತು!

ಗೋಡೆಗೆ ಚಿತ್ರ ಬಿಡುವ ಮ್ಯಾಜಿಕ್ ಲ್ಯಾಂಟರ್ನ್ ನಮ್ಮಲ್ಲಿಗೆ ಬಂದು ವರ್ಷವಾಗಿತ್ತು. ಜೊತೆಗೆ ಬಂದ ಗಾಜಿನ ಚಿತ್ರಗಳೆಲ್ಲ ಲಂಡನ್ನಿನವು, ನಮ್ಮ ಪಾಠಕ್ಕೆ ಒದಗುವಂಥದ್ದು ಒಂದೂ ಇಲ್ಲ. "ಒಡೆದರೆ ಯಾರು ಜವಾಬ್ದಾರಿ?" ಎಂದು ಹೆಡ್‌ಮಾಸ್ಟ್ರು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಬಳಸದಿದ್ದರೆ ನಾಳೆ ವಾಪಸ್ ಒಯ್ಯುತ್ತೇನೆಂದು ಶಾಲಾ ಇನ್ಸ್‌ಪೆಕ್ಟರು ಹೇಳಿಕಳಿಸಿದ ಮೇಲೆಯೇ ಬೀಗ ತೆಗೆದದ್ದು.

ನಮ್ಮ ವಾರಿಜಾ ಟೀಚರ್ ತೆಳು ಕಾಗದದಲ್ಲಿ ಮಸಿಯಿಂದ ನದಿ ಬಿಡಿಸಿದರು, ಒಣಗಿದ ಮೇಲೆ ತೆಂಗಿನೆಣ್ಣೆ ಸವರಿ ಎರಡು ಗಾಜಿನ ನಡುವೆ ಇಟ್ಟರು. ಬೆಳಕು ಸಲೀಸಾಗಿ ದಾಟಿತು. "ಗಾಜು ಅದೇ, ಪಾಠಕ್ಕೊಂದು ಕಾಗದ ಬದಲಿಸಿದರೆ ಆಯ್ತು" ಎಂದು ನಮಗೆ ನಾಲ್ವರು ಮಾಸ್ಟ್ರುಗಳಿಗೂ ಕೈಹಿಡಿದು ಕಲಿಸಿದರು. ದೀಪದ ಬಿಸಿಗೆ ಎಣ್ಣೆ ಕಾದು ಕ್ಲಾಸಿಡೀ ದೋಸೆಯ ಪರಿಮಳ! ಮಕ್ಕಳು ಬಂಟ್ವಾಳದವರೆಗೂ ಬಾಯಲ್ಲಿ ನೀರೂರಿಸಿಕೊಂಡೇ ನದಿಯನ್ನು ಹಿಂಬಾಲಿಸಿದರು.

ಹೆಡ್‌ಮಾಸ್ಟ್ರಿಗೂ ಖುಷಿಯೋ ಖುಷಿ. "ಭಾರೀ ಲಾಯ್ಕುಂಟು ಟೀಚರೇ! ಹಾಳಾಗುವುದು ಬೇಡ, ಈ ಚಿತ್ರಕ್ಕೆ ಬೀಗ ಹಾಕುವ."

"ಹಾಕಿ ಸರ್. ಮಾಡುವ ಕ್ರಮ ಇವರಿಗೆಲ್ಲ ಕಲಿಸಿ ಆಯ್ತು."

ಹೆಡ್‌ಮಾಸ್ಟ್ರು ಬೀಗದ ಕೈ ಹಿಡಿದುಕೊಂಡು ನಮ್ಮ ಕಡೆ ನೋಡಿದರು. ನಮ್ಮೆಲ್ಲರ ಹತ್ತು ಬೆರಳಿಗೂ ಎಣ್ಣೆ! ಅದಕ್ಕೆ ಬೀಗ ಎಲ್ಲಿಂದ ತರುವುದು?