ಹಕ್ಕಿಯ ಎಲುಬಿನಲ್ಲಿ ಕುರಿ

ಕೋಪನ್‌ಹೇಗನ್ನಿನ ಪ್ರಯೋಗಾಲಯದಲ್ಲಿ ಮೊದಲ ದಿನ ಇಂಗರ್ ನನ್ನ ಅಂಗೈಯಲ್ಲಿ ಒಂದು ಕಂದು ಎಲುಬಿನ ಚೂರನ್ನಿಟ್ಟು "ಫೂಲ್" ಎಂದರು. ನಮ್ಮ ಮಕ್ತಲ್ ಬಜಾರಿನ ಉರ್ದುವಿನಲ್ಲಿ ಫೂಲ್ ಎಂದರೆ ಹೂವು. ಇದ್ಯಾವ ಹೂವೋ ಎಂದು ತಿರುಗಿಸಿ ನೋಡಿದೆ. ಡೇನಿಶ್ ಭಾಷೆಯಲ್ಲಿ ಅದು ಹಕ್ಕಿಯಂತೆ. ಬರೆಯುವಾಗ ನಡುವೆ 'ಗ'ಕಾರವೊಂದಿರುತ್ತದೆ, ಬಾಯಿಗೆ ಬಂದಾಗ ಅದನ್ನು ನುಂಗುತ್ತಾರೆ. ಇಲ್ಲಿನವರು ಅರ್ಧ ಅಕ್ಷರಗಳನ್ನು ನುಂಗಿಯೇ ಮಾತಾಡುತ್ತಾರೆ. ಉಳಿದರ್ಧ ನನಗೆ ತಿಳಿಯುವುದಿಲ್ಲ.

ಇಂಗರ್ ನನ್ನ ಮಾರ್ಗದರ್ಶಕಿ. ನಮ್ಮಲ್ಲಿ ಗುರುಗಳ ಹೆಸರು ಹೇಳಲೂ ಅಂಜುತ್ತೇವೆ. ಇಲ್ಲಿ ಅವ್ವನಿಗಿಂತ ಹಿರಿಯರಾದ ಅವರನ್ನು ಹೆಸರು ಹಿಡಿದೇ ಕರೆಯಬೇಕು.

ನನ್ನ ಕೆಲಸವನ್ನು ಸುಲಭವಾಗಿ ಹೀಗೆ ಹೇಳಬಹುದು. ಹಕ್ಕಿ ಸತ್ತು ಸಾವಿರಾರು ವರ್ಷವಾದರೂ ಎಲುಬಿನೊಳಗೆ ಪ್ರೋಟೀನ್ ಉಳಿದಿರಬಹುದು. ಅದನ್ನು ತುಂಡರಿಸಿ, ಯಂತ್ರದಲ್ಲಿ ಓದಿ, ಈಗ ಬದುಕಿರುವ ಹಕ್ಕಿಗಳ ಪ್ರೋಟೀನಿನ ಜೊತೆ ಹೋಲಿಸಿದರೆ ಅಳಿದುಹೋದ ಹಕ್ಕಿಯ ಬಳಗ ಯಾವುದೆಂದು ಗೊತ್ತಾಗುತ್ತದೆ. ನನಗೆ ಕೊಟ್ಟದ್ದು ದೂರದ ದ್ವೀಪವೊಂದರ ಹಾರಲಾರದ ಹಕ್ಕಿ. ಅದು ಬಾತಿನ ಕಡೆಯದೋ ಹೆಬ್ಬಾತಿನ ಕಡೆಯದೋ, ಅದು ಪ್ರಶ್ನೆ. ಓದಬೇಕಾದರೆ ಎಲುಬನ್ನು ಅರೆದು ಕರಗಿಸಲೇಬೇಕು. ಕೆಟ್ಟರೆ ಹೋಯಿತು.

ಆಗ ನಮ್ಮೂರಿರುವ ತೆಲಂಗಾಣ ಬೇರೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಪಾಸ್‌ಪೋರ್ಟು ಇನ್ನೂ ಆಂಧ್ರಪ್ರದೇಶ ಎನ್ನುತ್ತಿತ್ತು. ಇಲ್ಲಿನ ಕನ್ನಡಿಗರ ಕೂಟಕ್ಕೆ ಆಸೆಯಿಂದ ಹೋದೆ. ಚಿತ್ರಾನ್ನ ಬಡಿಸುತ್ತಿದ್ದ ಹೆಂಗಸು ಯಾವ ಜಿಲ್ಲೆ ಎಂದು ಕೇಳಿದರು. ಮಕ್ತಲ್, ತೆಲಂಗಾಣ ಎಂದೆ. "ಓ, ತೆಲುಗಿನವರು! ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!" ಮನೆಮಾತನ್ನು ಕಲಿತದ್ದಕ್ಕೆ ಹೊಗಳಿಸಿಕೊಂಡು ಬಂದೆ. ಮತ್ತೆ ಹೋಗಲಿಲ್ಲ.

ಊಟಕ್ಕೆ 'ರುಬ್ರೊ' ಸಿಗುತ್ತಿತ್ತು. ರೈ ಧಾನ್ಯದ ಕರಿ ಬ್ರೆಡ್ಡು. ಹುಳಿ, ಇಟ್ಟಿಗೆಯಷ್ಟು ಭಾರ. ನಮ್ಮ ಬಿಸಿ ಜೋಳದ ರೊಟ್ಟಿಯನ್ನು ನೆನೆದು ಅದನ್ನು ಕಡಿಯುವಾಗ ಸಿಟ್ಟೇ ಬರುತ್ತಿತ್ತು. ಚಳಿಗೆ ಮಾತ್ರ ನನ್ನ ಬಳಿ ಉತ್ತರವಿತ್ತು: ಅವ್ವ ನೂತು, ಅಪ್ಪ ನೇಯ್ದ ಕರಿ ಕಂಬಳಿ. ನಮ್ಮದು ಕುರಿಗಾರರ ಮನೆ. ಮನೆದೇವರು ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಸಿನ ಹಚ್ಚಿಸಿ ಕಳಿಸಿದ್ದರು. ದಿನವೂ ಅದನ್ನು ಹೊದ್ದು ನಡೆದು ಬಂದು, ಪ್ರಯೋಗಾಲಯದ ಹೊರಗಿನ ಗೂಟಕ್ಕೆ ಸಿಕ್ಕಿಸುತ್ತಿದ್ದೆ.

ಚಳಿಗಾಲದ ಕೊನೆಗೆ ಯಂತ್ರದ ಫಲಿತಾಂಶ ಬಂತು. ಹಕ್ಕಿಯ ಜಾಗದಲ್ಲಿ ಕುರಿಯಿತ್ತು. ಉಣ್ಣೆಯ ಪ್ರೋಟೀನು ಎಲ್ಲ ಕಡೆ ತುಂಬಿಕೊಂಡು, ಎಲುಬಿನದು ಹುಡುಕಿದರೂ ಸಿಗದಂತೆ ಮುಳುಗಿತ್ತು. ಕೊಟ್ಟಿದ್ದ ಚೂರನ್ನೆಲ್ಲ ಅರೆದಾಗಿತ್ತು.

ಇಂಗರ್ ಗೂಟದ ಕಡೆ ನೋಡಿದರು. "ಎಳೆಗಳು ನಿನ್ನ ಬಟ್ಟೆಗಂಟಿ ಒಳಗೆ ಬಂದಿವೆ. ಆ ಕಂಬಳಿಯನ್ನು ಇನ್ನು ಇಲ್ಲಿಗೆ ತರಬೇಡ."

ಮನೆಗೆ ಫೋನು ಮಾಡಿದೆ.

"ಅವ್ವಾ, ಆರು ತಿಂಗಳ ಕೆಲಸ ಹಾಳಾತು. ಕಂಬಳಿಯಿಂದ ಆಗೈತಿ ಅಂತಾರ."

"ಕಂಬಳಿ ಏನ್ ಮಾಡ್ತೈತಿ ಭಾಗ್ಯಾ? ಬೀರಪ್ಪಂದು ಅದು. ಥಂಡ್ಯಾಗ ಹೊತ್ಕೊಳ್ಳಾಕ ಮತ್ತ ಏನೈತಿ ನಿನ್ ಹಂತ್ಯಾಕ?"

ನನ್ನ ಕೆಲಸ ಹಾಳಾದದ್ದು ಅವ್ವನಿಗೆ ಹೊಳೆಯಲೇ ಇಲ್ಲ. ನನಗೆ ಚಳಿಯಾದೀತೆಂಬುದೇ ಅವಳ ಚಿಂತೆ. ಫೋನಿಟ್ಟೆ.

ಮರುದಿನ ಪ್ರಯೋಗಾಲಯಕ್ಕೆ ಹೋದಾಗ ಎಲ್ಲರೂ ಸ್ವೆಟರು ತೊಟ್ಟಿದ್ದರು. ಇಂಗರ್ ತೊಟ್ಟಿದ್ದದ್ದು ಬಿಳಿ ಉಣ್ಣೆಯದು, ಮೊಣಕೈಯಲ್ಲಿ ಎಳೆ ಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

"ಇಂಗರ್, ನಿಮ್ಮ ಸ್ವೆಟರೂ ಕುರಿಯದೇ ಅಲ್ಲವೆ? ಸಿಕ್ಕಿದ್ದು ನಮ್ಮೂರ ಕುರಿಯೋ ನಿಮ್ಮೂರದೋ, ಯಂತ್ರ ಹೇಳುತ್ತದೆಯೇ?"

ಇಂಗರ್ ತಮ್ಮ ತೋಳನ್ನೇ ನೋಡಿಕೊಂಡರು. "ಇಲ್ಲ, ಹೇಳುವುದಿಲ್ಲ," ಎಂದರು. ವಾರ ಕಳೆಯುವಷ್ಟರಲ್ಲಿ ಬಾಗಿಲಿಗೆ ಹೊಸ ಸೂಚನೆ ಬಂತು: ಯಾರೂ ಉಣ್ಣೆ ತೊಟ್ಟು ಬರಕೂಡದು. ಅವರೇ ಮೊದಲು ಹತ್ತಿಯ ಅಂಗಿಯಲ್ಲಿ ನಡುಗುತ್ತ ಬಂದರು. ಆದರೆ ಕ್ಷಮಿಸು ಎಂದು ಯಾರೂ ಹೇಳಲಿಲ್ಲ, ಅರೆದುಹೋದ ಎಲುಬು ತಿರುಗಿ ಬರಲಿಲ್ಲ.

ಇನ್ನೊಂದು ಚೂರನ್ನು ಬೇಡಿ ಪಡೆಯಲು ಮುಂದಿನ ಚಳಿಗಾಲದವರೆಗೆ ಕಾಯಬೇಕಾಯಿತು. ಈ ಸಲ ಹಕ್ಕಿ ಸಿಕ್ಕಿತು. ಬಾತು, ಹೆಬ್ಬಾತು, ಹಂಸಗಳ ಬಳಗದ್ದೆಂದು ಖಚಿತವಾಯಿತು. ಅದರೊಳಗೆ ಯಾವ ಕಡೆಗೆ ಹತ್ತಿರ? ಬಳಗದ ಹಕ್ಕಿಗಳಲ್ಲಿ ಆ ಪ್ರೋಟೀನು ಎಷ್ಟು ಒಂದೇ ತರಹವೆಂದರೆ ಬೇರ್ಪಡಿಸಲಾಗಲಿಲ್ಲ. "ಇಷ್ಟಾದರೂ ತಿಳಿಯಿತಲ್ಲ," ಎಂದು ಇಂಗರ್ ಕೇಕು ತಂದರು. ತಿಂದೆ. ಇಷ್ಟು ಹೇಳಲು ಎರಡು ಚಳಿಗಾಲ ಬೇಕಾಯಿತೇ ಎಂದು ಒಳಗೊಳಗೇ ಉರಿಯುತ್ತಿತ್ತು.

ಬೇಸಿಗೆಯಲ್ಲಿ ಮಕ್ತಲ್‌ಗೆ ಹೋದೆ. ಕಟ್ಟೆಯ ಮೇಲೆ ಅವ್ವ ಕಂಬಳಿ ಹಾಸಿದಳು. ನಾರಾಯಣಪೇಟೆಯಿಂದ ಬಂದಿದ್ದ ಅತ್ತೆಯ ಜೊತೆ ಮಾತಾಡುತ್ತ ಕೂತಿದ್ದೆ. ಅತ್ತೆ ಮಾತು ನಿಲ್ಲಿಸಿ ನನ್ನ ಕೈ ನೋಡತೊಡಗಿದಾಗಲೇ ನನಗೆ ಗೊತ್ತಾದದ್ದು: ಬಟ್ಟೆಗೆ ಅಂಟಿದ ಉಣ್ಣೆಯ ಎಳೆಗಳನ್ನು ಹೆಕ್ಕಿ ಹೆಕ್ಕಿ ದೂರ ಹಾಕುತ್ತಿದ್ದೆ.

"ಯಾಕವ್ವಾ," ಅವ್ವ ಮೆಲ್ಲಗೆ ಕೇಳಿದಳು, "ನಮ್ ಕಂಬಳಿ ಚುಚ್ಚಾಕ ಹತ್ತೇತೇನು?"

ಇಲ್ಲ ಎಂದೆ. ಬೆರಳುಗಳು ಮಾತ್ರ ಇನ್ನೊಂದು ಎಳೆಯನ್ನು ಹುಡುಕುತ್ತಲೇ ಇದ್ದವು.