ಬಸವನ ಚಕ್ರದ ನಿಂಬೆಹಣ್ಣು

ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ಕನ್ನಡಿಗರ ಬಾಯಲ್ಲಿ ಅವನು ‘ವಿಮಾನದ ಜಯರಾಮು’. ಹೊಸದಾಗಿ ಪರಿಚಯವಾದವರು ಪೈಲಟ್ ಇರಬೇಕು ಎಂದುಕೊಂಡು ಎರಡು ಮಾತು ಹೆಚ್ಚು ಗೌರವದಿಂದ ಆಡುತ್ತಾರೆ. ಜಯರಾಮು ತಿದ್ದುವುದಿಲ್ಲ. ತಿದ್ದಲು ಹೊರಟರೆ ತಾನು ವಿಮಾನ ಹಾರಿಸುವವನಲ್ಲ, ನೆಲದ ಮೇಲೆ ಎಳೆಯುವವನು, ಅದೂ ಟ್ರಾಕ್ಟರಿನಲ್ಲಿ, ಅದೂ ವರ್ಷಕ್ಕೆ ಎರಡೇ ದಿನ, ಅದೂ ಬಿಟ್ಟಿ ಎಂದು ಕೊನೆಯವರೆಗೂ ಹೇಳಬೇಕಾಗುತ್ತದೆ. ಅಷ್ಟು ಹೊತ್ತಿಗೆ ಕೇಳುವವರ ಕೈಯಲ್ಲಿದ್ದ ಬಿಸಿಬೇಳೆಬಾತ್ ಆರಿಹೋಗಿರುತ್ತದೆ.

ಅವರ ಮನೆಯಿಂದ ಉತ್ತರಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಒಂದು ಸಣ್ಣ ಏರ್‌ಫೀಲ್ಡ್. ಪ್ರತಿ ಅಕ್ಟೋಬರಿನ ಮೊದಲ ವಾರಾಂತ್ಯ ಅಲ್ಲಿ ವಿಮಾನಗಳ ರೇಸ್. ರೇಸಿನ ವಿಮಾನವೆಂದರೆ ಮೈ ಚಿಕ್ಕದು, ಎಂಜಿನ್ ದೊಡ್ಡದು. ನೆಲದ ಮೇಲಿದ್ದಾಗ ಮೂತಿ ಆಕಾಶ ನೋಡುತ್ತಿರುವುದರಿಂದ ಪೈಲಟ್ಟಿಗೆ ಎದುರಿಗೇನಿದೆ ಎಂಬುದೇ ಕಾಣುವುದಿಲ್ಲ. ಸುಮ್ಮನೆ ಅತ್ತಿತ್ತ ಓಡಾಡಿಸಿದರೆ ಎಂಜಿನ್ ಕಾದು ಕೂರುತ್ತದೆ. ಹೀಗಾಗಿ ಮೇಲೆ ಹೋದರೆ ಗಂಟೆಗೆ ಮುನ್ನೂರು ಮೈಲಿ ಓಡುವ ಈ ಮಹಾಶಯರನ್ನು ಶೆಡ್ಡಿನಿಂದ ರೇಸಿನ ಗೆರೆಯವರೆಗೆ ಬಾಲ ಹಿಡಿದು, ಎತ್ತಿನ ಗಾಡಿಯ ವೇಗದಲ್ಲಿ, ಹಿಂದುಮುಂದಾಗಿ ಎಳೆದುಕೊಂಡು ಹೋಗಬೇಕು. ಅದಕ್ಕೆ ಜನ ತಮ್ಮ ತಮ್ಮಲ್ಲಿದ್ದುದನ್ನು ತರುತ್ತಾರೆ: ಗಾಲ್ಫ್ ಕಾರ್ಟು, ಪಿಕಪ್ ಟ್ರಕ್ಕು, ಒಬ್ಬ ಪುಣ್ಯಾತ್ಮ ಹುಲ್ಲು ಕತ್ತರಿಸುವ ಗಾಡಿಯನ್ನೂ ತರುತ್ತಾನೆ. ಜಯರಾಮುವಿನ ಬಳಿ ಇರುವುದು ಅರವತ್ತು ವರ್ಷದ ಕೆಂಪು ಟ್ರಾಕ್ಟರ್. ಅದರ ಹೆಸರು ಬಸವ. ಅಲ್ಲಿನ ಭಾರದ ವಿಮಾನಗಳಿಗೆಲ್ಲ ಅದೇ ಗತಿ.

ಇದರಲ್ಲಿ ಒಂದು ತಮಾಷೆ ಇದೆ. ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಉಳುಮೆ ಮಾಡುತ್ತಿದ್ದ ಜಯರಾಮುವಿನ ಅಪ್ಪ, ಮಗ ನೊಗದ ಹತ್ತಿರ ಸುಳಿದರೂ ಬಾರುಕೋಲು ಎತ್ತುತ್ತಿದ್ದ. ‘ಇದು ನನ್ ತಲೆಗೇ ಮುಗೀಲಿ’ ಎನ್ನುತ್ತಿದ್ದ. ಹುಡುಗ ಹಾಸ್ಟೆಲ್ಲಿನಲ್ಲಿ ಓದಿದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಮಾಡಿದ, ಮನೆತನದಲ್ಲೇ ಮೊದಲ ಪದವೀಧರನಾದ, ನ್ಯೂಜೆರ್ಸಿಯ ಔಷಧಿ ಕಂಪನಿಯೊಂದನ್ನು ಸೇರಿದ. ಇಪ್ಪತ್ತೆರಡು ವರ್ಷ ಅಲ್ಲೇ ದುಡಿದು, ಮನೆ ಕಟ್ಟಿ, ಮಗಳನ್ನು ಕಾಲೇಜಿಗೆ ಕಳಿಸಿ, ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ ಮೊದಲು ಮಾಡಿದ ಕೆಲಸ ಟ್ರಾಕ್ಟರ್ ಕೊಂಡದ್ದು.

ಕಂಪನಿಯಲ್ಲಿ ಅವನ ಕೆಲಸ ತಪ್ಪಿನ ಬೇರು ಹುಡುಕುವುದು. ಮಾತ್ರೆ ತಯಾರಿಸುವಾಗ ಎಲ್ಲಾದರೂ ಎಡವಟ್ಟಾದರೆ, ಯಾಕಾಯಿತು, ಯಾರಿಂದಾಯಿತು, ಮುಂದೆ ಆಗದಂತೆ ಏನು ಮಾಡಬೇಕು ಎಂದು ಐವತ್ತು ಪುಟ ಬರೆಯಬೇಕು. ಬರೆದದ್ದನ್ನು ಯಾರೂ ಓದುವುದಿಲ್ಲ. ಆದರೆ ಬಸವನ ಮೇಲೆ ಕುಳಿತಾಗ ಮಾತ್ರ, ಎಂಥ ಕೊಬ್ಬಿನ ಪೈಲಟ್ ಆದರೂ ಜಯರಾಮು ಎಲ್ಲ ಸರಿ ಎಂದು ಹೆಬ್ಬೆರಳು ಎತ್ತುವ ತನಕ ತೆಪ್ಪಗೆ ಕಾಯಬೇಕು. ಆ ಹೆಬ್ಬೆರಳಿಗಾಗಿ ಅವನು ವರ್ಷವಿಡೀ ಬದುಕುತ್ತಿದ್ದ. ಅದು ಹೋದರೆ ತನ್ನಲ್ಲಿ ಉಳಿಯುವುದು ಕುತ್ತಿಗೆಗೆ ನೇತುಹಾಕಿಕೊಳ್ಳುವ ಆಫೀಸಿನ ಬ್ಯಾಡ್ಜ್ ಒಂದೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏರ್‌ಫೀಲ್ಡಿನಲ್ಲಿ ಕಸಕ್ಕಿಂತ ದೊಡ್ಡ ಶತ್ರುವಿಲ್ಲ. ಒಂದು ಕಲ್ಲು, ಒಂದು ಬೋಲ್ಟು, ಒಂದು ಮುಚ್ಚಳ ನೆಲದ ಮೇಲಿದ್ದರೆ ಪ್ರೊಪೆಲ್ಲರ್ ಅದನ್ನು ಎಳೆದುಕೊಂಡು ತಾನೂ ಕೆಟ್ಟು ಆಳನ್ನೂ ಕೆಡಿಸುತ್ತದೆ. ರೇಸಿಗೆ ಮೊದಲು ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಡೆದು ಕಸ ಹೆಕ್ಕುವುದು ಅಲ್ಲಿನ ಪದ್ಧತಿ. ಹೆಚ್ಚು ಹೆಕ್ಕಿದವರಿಗೆ ಒಂದು ಟೋಪಿ. ಜಯರಾಮುವಿನ ಮನೆಯಲ್ಲಿ ಅಂಥ ಎಂಟು ಟೋಪಿಗಳಿವೆ. ಅಷ್ಟಕ್ಕೇ ಸುಮ್ಮನಿರದೆ ಅವನು ಮೂರು ವರ್ಷದ ಹಿಂದೆ ಹನ್ನೆರಡು ನಿಯಮ ಬರೆದು, ಲ್ಯಾಮಿನೇಟ್ ಮಾಡಿಸಿ, ಶೆಡ್ಡಿನ ಗೋಡೆಗೆ ಹೊಡೆಸಿದ. ಮೊದಲನೆಯದು: ‘ಒಳಗೆ ಬರುವ ಮುನ್ನ ನಿನ್ನ ಚಕ್ರ ನೋಡಿಕೋ.’ ಹನ್ನೊಂದನೆಯದು: ‘ಯಾರ ಗಾಡಿಯಿಂದ ಕಸ ಬಿತ್ತೋ ಅವರು ಮೂರು ವರ್ಷ ಯಾವ ಗಾಡಿಯನ್ನೂ ಹತ್ತುವಂತಿಲ್ಲ.’ ಹನ್ನೆರಡನೆಯದು: ‘ಎರಡನೆಯ ಸಲವಾದರೆ ಗೇಟಿನೊಳಗೆ ಕಾಲಿಡುವಂತಿಲ್ಲ.’

ಈ ನಿಯಮಕ್ಕೆ ಸಿಕ್ಕಿದ ಮೊದಲ ಬಲಿ ಸ್ಟ್ಯಾನ್ಲಿ. ಎಪ್ಪತ್ತು ದಾಟಿದ, ಶಾಲೆಯ ಬಸ್ ಓಡಿಸಿ ನಿವೃತ್ತನಾದ ಮುದುಕ. ಹತ್ತೊಂಬತ್ತು ವರ್ಷದಿಂದ ತನ್ನ ಗಾಲ್ಫ್ ಕಾರ್ಟಿನಲ್ಲಿ ವಿಮಾನ ಎಳೆಯುತ್ತಿದ್ದವನು. ಅವನ ಕಾರ್ಟಿನಿಂದ ಪೆನ್ನಿನ ಕ್ಯಾಪೊಂದು ಬಿದ್ದದ್ದನ್ನು ಜಯರಾಮುವೇ ಹೆಕ್ಕಿ, ಜಯರಾಮುವೇ ವರದಿ ಬರೆದ. ಸ್ಟ್ಯಾನ್ಲಿ ವಾದಿಸಲಿಲ್ಲ. ಕಾರ್ಟು ಮಾರಿ, ವಿಮಾನ ಕಣ್ಣಿಗಾದರೂ ಬೀಳಲಿ ಎಂದು ಶೆಡ್ಡಿನ ಪಕ್ಕ ಮೇಜು ಹಾಕಿ ನಿಂಬೆ ಶರಬತ್ತು ಮಾರತೊಡಗಿದ. ಜಯರಾಮು ಪ್ರತಿ ವರ್ಷ ಅಲ್ಲಿ ಒಂದು ಲೋಟ ಕುಡಿಯುತ್ತಿದ್ದ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು.

ಈ ವರ್ಷ ಮೇ ತಿಂಗಳಲ್ಲಿ ಜಯರಾಮುವಿನ ತಾಯಿ ಕೆಂಪಮ್ಮ ವಿಸಿಟರ್ ವೀಸಾ ಮೇಲೆ ಬಂದರು. ಎಪ್ಪತ್ತೊಂಬತ್ತು ವರ್ಷ, ಕಣ್ಣು ಕಿವಿ ಎರಡೂ ಚುರುಕು. ಮಗ ಹೆಮ್ಮೆಯಿಂದ ಕರೆದುಕೊಂಡು ಹೋಗಿ ಬಸವನನ್ನು ತೋರಿಸಿದಾಗ ಅದರ ಮೂತಿಯ ಮೇಲೆ ಕೈಯಾಡಿಸಿ, “ಇದ ಓಡ್ಸಾಕಾ ನಿಮ್ಮಪ್ಪ ನಿನ್ನ ಓದ್ಸಿದ್ದು?” ಎಂದು ಕೇಳಿದರು. ಜಯರಾಮು ನಕ್ಕ. ಅವರು ನಗಲಿಲ್ಲ. ಹಾಗಾಗಿ ರೇಸಿನ ಬೆಳಿಗ್ಗೆ ಅವರೇ ಬಾಯಿ ಬಿಟ್ಟು ಟ್ರಾಕ್ಟರಿಗೆ ಆಯುಧಪೂಜೆ ಮಾಡಬೇಕು ಎಂದಾಗ, ಅವ್ವನಿಗೂ ಬಸವ ಹಿಡಿಸಿತಲ್ಲ ಎಂದು ಅವನಿಗೆ ಒಳಗೊಳಗೇ ಸಂತೋಷವಾಯಿತು.

“ಹಬ್ಬ ಬುಧವಾರವೇ ಮುಗೀತಲ್ಲವ್ವ.”

“ನಿಮ್ಮೂರಾಗೆ ಹಬ್ಬ ಎಲ್ಲಾ ಸನಿವಾರಕ್ಕೇ ತಾನೆ ಬರಾದು? ಇದೂ ಬರ್ಲಿ ಬುಡು.”

ಜಯರಾಮು ಚೌಕಾಸಿ ಮಾಡಿದ. ಕುಂಬಳಕಾಯಿ ಒಡೆಯುವ ಹಾಗಿಲ್ಲ, ತೆಂಗಿನಕಾಯಿ ಇಲ್ಲ, ಹೂವಿಲ್ಲ, ಅಕ್ಷತೆಯ ಒಂದು ಕಾಳೂ ಇಲ್ಲ. ಪೂಜೆ ಬೇಲಿಯ ಆಚೆ, ಬಸವನನ್ನು ನಿಲ್ಲಿಸುವ ಹುಲ್ಲಿನಲ್ಲಿ. ಕೊನೆಗೆ ಕುಂಕುಮ, ಎರಡು ಊದುಬತ್ತಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣಿಗೆ ಒಪ್ಪಂದವಾಯಿತು. ಕೆಂಪಮ್ಮ ಬಸವನ ಹಣೆಗೆ ಕುಂಕುಮ ಇಟ್ಟರು, ನಿಂಬೆಹಣ್ಣುಗಳಿಗೂ ಇಟ್ಟರು, ಆಮೇಲೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

“ಅಷ್ಟೊತ್ತು ಏನವ್ವ ಬೇಡ್ಕೊಂಡೆ?”

“ಯೋಳ್ಬಾರ್ದು. ಯೋಳುದ್ರೆ ಪಲ್ಸಾಕಿಲ್ಲ.”

ಜಯರಾಮು ಬಸವನನ್ನು ಮುಂದಕ್ಕೆ ಬಿಟ್ಟ. ನಾಲ್ಕೂ ಹಣ್ಣು ಪಚಕ್ಕೆಂದವು. ಇಳಿದು, ಮಂಡಿಯೂರಿ, ಹುಲ್ಲಿನಲ್ಲಿ ಬೆರಳಾಡಿಸಿ ಜಜ್ಜಿದ ಹೋಳುಗಳನ್ನೆಲ್ಲ ಚೀಲಕ್ಕೆ ತುಂಬಿದ. ಅರ್ಧ ಹೋಳು ಕಡಿಮೆಯಿದ್ದಂತೆ ಕಂಡಿತು. ಜಜ್ಜಿದ ಹಣ್ಣಿನಲ್ಲಿ ಹೋಳು ಎಣಿಸುವವರು ಯಾರು ಎಂದುಕೊಂಡ. ಎಂಟು ವರ್ಷ ನೆಲ ನೋಡಿಯೇ ಟೋಪಿ ಗೆದ್ದವನು ಆವತ್ತೂ ನೆಲವನ್ನೇ ನೋಡಿದ. ಅಂಗೈ ಇಳಿಯುವಷ್ಟು ಆಳವಾದ ಸಂದುಗಳಿರುವ ಬಸವನ ಹಿಂದಿನ ಟಯರನ್ನು ನೋಡಲಿಲ್ಲ.

ಅವ್ವನನ್ನು ಪ್ರೇಕ್ಷಕರ ಕಡೆ ಮಡಿಸುವ ಕುರ್ಚಿಯಲ್ಲಿ ಕೂರಿಸಿ, ಮೊದಲ ವಿಮಾನವನ್ನು ಎಳೆದು ಗೆರೆಯ ಮೇಲೆ ನಿಲ್ಲಿಸಿ ಬಂದ. ನಂತರ ಕಸ ಹೆಕ್ಕುವ ನಡಿಗೆ ಶುರುವಾಯಿತು. ಜಯರಾಮು ಟೋಪಿ ಹಾಕಿಕೊಂಡು ಸಾಲಿನ ನಡುವೆ ನಡೆದ. ಆದರೆ ಕಸ ಸಿಕ್ಕಿದ್ದು ನೆಲದ ಉಸ್ತುವಾರಿ ನೋಡುವ ವಾಲ್ಟರನಿಗೆ. ನೌಕಾಪಡೆಯಲ್ಲಿದ್ದು ಬಂದ ಆಸಾಮಿ, ನಗುವುದು ಕಡಿಮೆ. ಮೊದಲ ವಿಮಾನದ ಪ್ರೊಪೆಲ್ಲರಿನಿಂದ ನಾಲ್ಕೇ ಅಡಿ ದೂರದಲ್ಲಿ ಅರ್ಧ ನಿಂಬೆಹಣ್ಣು, ಸುತ್ತ ಏಳೆಂಟು ಬೀಜ. ಹಣ್ಣಿನ ಮೇಲೆ ಕೆಂಪು ಕಲೆ.

ವಿಮಾನದ ಬ್ರೇಕಿನ ಎಣ್ಣೆಯೂ ಕೆಂಪು. ಎಲ್ಲೋ ಸೋರುತ್ತಿದೆ ಎಂದು ವಾಲ್ಟರ್ ರೇಸನ್ನೇ ನಿಲ್ಲಿಸಿದ. ಮೆಕ್ಯಾನಿಕ್ಕುಗಳು ಹನ್ನೊಂದು ವಿಮಾನಗಳ ಹೊಟ್ಟೆಯಡಿ ಮಲಗಿ ಮುಕ್ಕಾಲು ಗಂಟೆ ಹುಡುಕಿದರು. ಒಂದು ಹನಿ ಸೋರಿರಲಿಲ್ಲ. ಆಗ ವಾಲ್ಟರನ ಕಣ್ಣು ನಿಧಾನವಾಗಿ ಶರಬತ್ತಿನ ಮೇಜಿನ ಕಡೆ ತಿರುಗಿತು.

“ಜೇ, ಬೇರು ಹುಡುಕುವುದು ನಿನ್ನ ಕಸುಬು. ನೀನೇ ನೋಡು,” ಎಂದು ಹಣ್ಣನ್ನು ಜಯರಾಮುವಿನ ಕೈಯಲ್ಲಿಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಯರಾಮು ಬಸವನ ಟಯರ್ ನೋಡಿದ. ಸಂದಿನಲ್ಲಿ ಹಳದಿ ಸಿಪ್ಪೆಯ ಇನ್ನೊಂದು ಚೂರು, ಅದರ ಮೇಲೆ ಅವ್ವನ ಕುಂಕುಮ. ಬೇರು ಹುಡುಕಲು ಮೂವತ್ತು ವರ್ಷದಲ್ಲಿ ಇಷ್ಟು ಕಡಿಮೆ ಹೊತ್ತು ಯಾವತ್ತೂ ಹಿಡಿದಿರಲಿಲ್ಲ. ಆದರೆ ಅವನು ಬಾಯಿ ಬಿಡಲಿಲ್ಲ. ಐದು ನಿಮಿಷ ಹಣ್ಣನ್ನು ಹಿಂದೆ ಮುಂದೆ ತಿರುಗಿಸುತ್ತಾ ನಿಂತ. ಆ ಐದು ನಿಮಿಷಕ್ಕೆ ಅವನಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ವಾಲ್ಟರ್ ಹನ್ನೆರಡನೆಯ ನಿಯಮವನ್ನು ಸ್ಟ್ಯಾನ್ಲಿಗೆ ಓದಿ ಹೇಳಿದ್ದ. ಸ್ಟ್ಯಾನ್ಲಿಯ ಮೂರು ವರ್ಷದ ಶಿಕ್ಷೆ ಮುಗಿದದ್ದೇ ಈ ತಿಂಗಳು. ಈಗ ಗೇಟಿನಿಂದಲೇ ಆಚೆ. ಅವನು ಈ ಸಲವೂ ವಾದಿಸಲಿಲ್ಲ. ಲೋಟಗಳನ್ನು ಒಂದರೊಳಗೊಂದು ಇಟ್ಟ, ಚಾಕು ಒರೆಸಿದ, ಉಳಿದ ಹಣ್ಣುಗಳನ್ನು ಬುಟ್ಟಿಗೆ ಹಾಕಿದ. ಒಂದು ಸಲವಾದರೂ ಜಯರಾಮುವಿನ ಕಡೆ ತಿರುಗಿ ನೋಡಿದ್ದರೆ ಇವನು ಇನ್ನಷ್ಟು ಹೊತ್ತು ಸುಮ್ಮನಿರುತ್ತಿದ್ದನೋ ಏನೋ. ಅವನು ನೋಡಲೇ ಇಲ್ಲ, ಅದನ್ನು ತಡೆದುಕೊಳ್ಳುವುದು ಇವನಿಂದ ಆಗಲಿಲ್ಲ.

“ವಾಲ್ಟರ್, ಇದು ನನ್ನ ನಿಂಬೆಹಣ್ಣು. ಬಸವನ ಚಕ್ರದಿಂದ ಬಿದ್ದದ್ದು.”

“ಚಕ್ರಕ್ಕೆ ಏಕೆ ಬಂತು?”

“ನಾನೇ ಇಟ್ಟೆ.”

“ಏತಕ್ಕೆ?”

“ಅಪಘಾತ ಆಗದಿರಲಿ ಅಂತ.”

ವಾಲ್ಟರ್ ಗೋಡೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಹನ್ನೊಂದನೆಯ ನಿಯಮವನ್ನು ಗಟ್ಟಿಯಾಗಿ ಓದಿದ. ಕೆಳಗೆ ಬರೆದವನ ಹೆಸರೂ ಇತ್ತು, ಅದನ್ನೂ ಓದಿದ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಯನ್ನೂ ಕಿತ್ತು ಹಾಕಬೇಕಲ್ಲ. ಜಯರಾಮು ಜೇಬಿನಿಂದ ಬಸವನ ಕೀ ತೆಗೆದ.

ಈಗ ಹೊಸ ಪೇಚಾಟ. ಇನ್ನೂ ಹತ್ತು ವಿಮಾನ ಎಳೆಯಬೇಕು, ಭಾರದವಕ್ಕೆ ಬಸವನೇ ಆಗಬೇಕು, ಅದರ ಮೊಂಡು ಕ್ಲಚ್ಚು ಅಲ್ಲಿದ್ದ ಯಾರ ಕಾಲಿಗೂ ಬಗ್ಗದು. ಇಂಥದೇ ಟ್ರಾಕ್ಟರಿನ ಮೇಲೆ ಬೆಳೆದವನು ಅಲ್ಲಿ ಒಬ್ಬನೇ ಇದ್ದ, ಅವನು ಬುಟ್ಟಿ ಹಿಡಿದು ಗೇಟಿನ ಕಡೆ ಹೊರಟಿದ್ದ. ಜಯರಾಮು ಓಡಿಹೋಗಿ ಬುಟ್ಟಿ ಇಸಿದುಕೊಂಡು ಕೀ ಕೊಟ್ಟ. ಕ್ಷಮಿಸು ಎಂದೂ ಹೇಳಿದ. ಸ್ಟ್ಯಾನ್ಲಿ ಕೈ ಒರೆಸಿಕೊಂಡು ಕೀ ತೆಗೆದುಕೊಂಡ. ಹತ್ತುವ ಮುನ್ನ ಸೊಂಟ ಬಗ್ಗಿಸಿ, ನಾಲ್ಕೂ ಚಕ್ರಗಳನ್ನು ಸುತ್ತಲೂ ನೋಡಿ, ಉಳಿದಿದ್ದ ಸಿಪ್ಪೆಯ ಚೂರನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಈ ಕೆಂಪು ಬೊಟ್ಟು? ಒರೆಸಲಾ?”

“ಇರಲಿ ಬಿಡು,” ಎಂದ ಜಯರಾಮು.

ಮೇಜಿನ ಹಿಂದೆ ಯಾರಾದರೂ ನಿಲ್ಲಬೇಕಿತ್ತು. ಜಯರಾಮು ನಿಂತ. ಎರಡು ಲೋಟ ಮಾರುವಷ್ಟರಲ್ಲಿ ಕೆಂಪಮ್ಮ ಕೋಲೂರಿಕೊಂಡು ಬಂದರು.

“ಅದ್ಯಾರ್ಲಾ ನಮ್ ಟ್ರಾಕ್ಟರ್ ಮ್ಯಾಲೆ?”

ಅವನು ನಡೆದದ್ದನ್ನೆಲ್ಲ ಹೇಳಿದ. ಹೇಳುವಾಗ ಅವ್ವ ನೊಂದುಕೊಳ್ಳಬಹುದೆಂದು ಹೆದರಿ, “ನಿನ್ ತಪ್ಪಿಲ್ಲವ್ವ, ನಾನೇ ಚಕ್ರ ನೋಡ್ಬೇಕಿತ್ತು,” ಎಂದೂ ಸೇರಿಸಿದ.

“ಅಂಗಾರೆ ನೀನಿನ್ನು ಟ್ರಾಕ್ಟರ್ ಅತ್ತಂಗಿಲ್ವಾ?”

“ಮೂರು ವರ್ಷ ಇಲ್ಲ.”

ಕೆಂಪಮ್ಮ ಕೋಲನ್ನು ಮೇಜಿಗೆ ಒರಗಿಸಿ, ಬಸವನ ಕಡೆ ತಿರುಗಿ ಎರಡೂ ಕೈ ಮುಗಿದರು. ಮುಖ ಅರಳಿತ್ತು.

“ಈಗ ಯೋಳ್ಬೋದು. ಬೆಳಗ್ಗೆ ಅದನ್ನೇ ಕೇಳ್ಕಂಡಿದ್ದು ಕಣಪ್ಪ. ನಮ್ಮನೇರು ಮಣ್ಣಾಗೋ ಗಂಟ ಒದ್ದಾಡಿ ಇವ್ನ ನೊಗದಿಂದ ಬಿಡಿಸಿದ್ರು, ಇವ್ನು ತಿರಗಾ ಟ್ರಾಕ್ಟರ್ ಅತ್ಕಂಡವ್ನೆ. ನನ್ ಮಗನ್ನ ಇದ್ರಿಂದ ಇಳ್ಸು ತಾಯಿ ಅಂತ.”

ಜಯರಾಮುವಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎದುರಿಗೆ ಬಸವ, ಹಣೆಯ ಕುಂಕುಮ ಹಾಗೆಯೇ ಇಟ್ಟುಕೊಂಡು, ಎರಡನೆಯ ವಿಮಾನವನ್ನು ಬಾಲ ಹಿಡಿದು ಎಳೆಯುತ್ತಾ ಹೋಗುತ್ತಿತ್ತು. ಗೆರೆ ಮುಟ್ಟಿದ ಮೇಲೆ ಸ್ಟ್ಯಾನ್ಲಿ ಹೆಬ್ಬೆರಳು ಎತ್ತಿದ.

“ಬಾಯಾರ್ತದೆ, ಒಂದು ಲೋಟ ಕೊಡು,” ಎಂದರು ಕೆಂಪಮ್ಮ.

ಜಯರಾಮು ಒಂದು ನಿಂಬೆಹಣ್ಣು ಕೊಯ್ದು, ಎರಡೂ ಹೋಳು ಇವೆಯೇ ಎಂದು ನೋಡಿಕೊಂಡು, ಅವ್ವನ ಲೋಟಕ್ಕೆ ಹಿಂಡಿದ.